ಸಾಲ–ಸಮಾಧಾನ: ಬ್ರಿಟನ್ ಓದುಗರ ಡಿಎಂಪಿ ಪ್ರಶ್ನೆಗಳು

ಡೆಟ್ ಮ್ಯಾನೇಜ್‌ಮೆಂಟ್ ಪ್ಲಾನ್ ಬಗ್ಗೆ ಬ್ರಿಟನ್ನಿನಲ್ಲಿ ನೆಲೆಸಿರುವ ಓದುಗರಿಂದ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಅಲ್ಲಿ ಎಲ್ಲರೂ ಡಿಎಂಪಿ ಎಂದೇ ಕರೆಯುವುದರಿಂದ ನಾವೂ ಹಾಗೆಯೇ ಬರೆಯುತ್ತೇವೆ. ಕೇಳಿದವರ ಹೆಸರು, ಊರು ಬಿಟ್ಟಿದ್ದೇವೆ. ಸ್ಕಾಟ್ಲೆಂಡಿನ ಪ್ರಶ್ನೆಯೊಂದನ್ನು ಬಿಟ್ಟರೆ ಇಲ್ಲಿರುವ ಕಾನೂನಿನ ಮಾತೆಲ್ಲ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಸೇರಿದ್ದು.

ಪ್ರಶ್ನೆ: ಎರಡು ಕ್ರೆಡಿಟ್ ಕಾರ್ಡ್, ಒಂದು ಪರ್ಸನಲ್ ಲೋನ್, ಒಂದು ಓವರ್‌ಡ್ರಾಫ್ಟ್ ಸೇರಿ 12,000 ಪೌಂಡ್ ಸಾಲವಿದೆ. ಎಲ್ಲರಿಗೂ ಕನಿಷ್ಠ ಕಂತು ಕಟ್ಟಲು ತಿಂಗಳಿಗೆ 410 ಪೌಂಡ್ ಬೇಕು. ಮನೆಖರ್ಚು ಕಳೆದು ನನ್ನ ಕೈಯಲ್ಲಿ ಉಳಿಯುವುದು 200. ಡಿಎಂಪಿ ಮಾಡಿಕೊಂಡರೆ ಈ ಹಣ ಹೇಗೆ ಹಂಚಿಕೆಯಾಗುತ್ತದೆ? ಸಾಲ ಎಂದಿಗೆ ತೀರುತ್ತದೆ?

ಡಿಎಂಪಿ ಎಂದರೆ ಒಂದು ಒಪ್ಪಂದ, ಅಷ್ಟೇ. ನೀವು ತಿಂಗಳಿಗೊಮ್ಮೆ ಒಂದೇ ಮೊತ್ತವನ್ನು ಯೋಜನೆ ನಡೆಸುವ ಸಂಸ್ಥೆಗೆ ಕಟ್ಟುತ್ತೀರಿ, ಅದು ಸಾಲ ಕೊಟ್ಟವರಿಗೆಲ್ಲ ಹಂಚುತ್ತದೆ. ಇದರ ಹಿಂದೆ ಕೋರ್ಟಿನ ಆದೇಶವಿಲ್ಲ. ಒಪ್ಪಲೇಬೇಕೆಂಬ ಕಟ್ಟುಪಾಡು ಸಾಲ ಕೊಟ್ಟವರಿಗೂ ಇಲ್ಲ, ಮುಂದುವರಿಸಲೇಬೇಕೆಂಬ ಕಟ್ಟುಪಾಡು ನಿಮಗೂ ಇಲ್ಲ. ಇದನ್ನು ಮೊದಲೇ ತಿಳಿದುಕೊಂಡವರು ಮುಂದೆ ಗಾಬರಿಯಾಗುವುದು ಕಡಿಮೆ.

ಹಂಚಿಕೆ ಸಾಲದ ಪ್ರಮಾಣಕ್ಕೆ ತಕ್ಕಂತೆ ನಡೆಯುತ್ತದೆ. ನೀವು ಕಳಿಸಿದ ಪಟ್ಟಿಯಲ್ಲಿ ಮೊದಲ ಕಾರ್ಡ್ 6,000, ಲೋನ್ 3,000, ಎರಡನೇ ಕಾರ್ಡ್ 2,400, ಓವರ್‌ಡ್ರಾಫ್ಟ್ 600 ಎಂದಿದೆ. ಮೊದಲ ಕಾರ್ಡಿನದು ಒಟ್ಟು ಸಾಲದ ಅರ್ಧ, ಹಾಗಾಗಿ 200ರಲ್ಲಿ 100 ಅದಕ್ಕೆ. ಲೋನಿಗೆ ಕಾಲುಭಾಗ, 50. ಎರಡನೇ ಕಾರ್ಡಿಗೆ 40, ಓವರ್‌ಡ್ರಾಫ್ಟಿಗೆ 10. ಹೆಚ್ಚು ಸಲ ಫೋನ್ ಮಾಡಿದವರಿಗೆ ಹೆಚ್ಚು ಪಾಲು ಎಂಬ ಮಾತೇ ಇಲ್ಲ.

ಎಂದಿಗೆ ತೀರುತ್ತದೆ ಎಂಬುದು ಬಡ್ಡಿಯ ಕೈಯಲ್ಲಿದೆ. ಎಲ್ಲರೂ ಬಡ್ಡಿ ನಿಲ್ಲಿಸಿದರೆ 12,000ಕ್ಕೆ 200ರಂತೆ 60 ತಿಂಗಳು, ಸರಿಯಾಗಿ ಐದು ವರ್ಷ. ಬಡ್ಡಿಯನ್ನು ವರ್ಷಕ್ಕೆ ಶೇ. 12ಕ್ಕೆ ಇಳಿಸಿ ಮುಂದುವರಿಸಿದರೆ ಅದೇ 200ರಲ್ಲಿ ಸುಮಾರು 92 ತಿಂಗಳು, ಏಳೂಮುಕ್ಕಾಲು ವರ್ಷದ ಹತ್ತಿರ. ಶೇ. 24ರ ಬಡ್ಡಿ ಹಾಗೆಯೇ ಓಡಿದರೆ ಮೊದಲ ತಿಂಗಳ ಬಡ್ಡಿಯೇ 240 ಪೌಂಡ್. ನೀವು 200 ಕಟ್ಟಿದ ಮೇಲೂ ಸಾಲ 40 ಪೌಂಡ್ ಬೆಳೆದಿರುತ್ತದೆ, ಆ ಯೋಜನೆಗೆ ಕೊನೆಯೇ ಇಲ್ಲ. ಆದ್ದರಿಂದ ‘ತಿಂಗಳಿಗೆ ಎಷ್ಟು ಕಟ್ಟಬೇಕು’ ಎಂಬ ಪ್ರಶ್ನೆಯ ಜೊತೆಗೇ ‘ಯಾರು ಬಡ್ಡಿ ನಿಲ್ಲಿಸಿದರು, ಯಾವ ತಾರೀಖಿನಿಂದ, ದಂಡಶುಲ್ಕವೂ ನಿಂತಿತೇ’ ಎಂದು ಒಬ್ಬೊಬ್ಬರ ಬಗ್ಗೆಯೂ ಕೇಳಿ ಬರೆದಿಟ್ಟುಕೊಳ್ಳಿ. ಮೂರನೇ ತಿಂಗಳ ಸ್ಟೇಟ್‌ಮೆಂಟ್ ಬಂದಾಗ ಆ ಬರಹಕ್ಕೆ ಹೋಲಿಸಿ ನೋಡಿ. ಯೋಜನೆ ಶುರುವಾಯಿತೆಂದು ನಿಶ್ಚಿಂತೆಯಿಂದಿದ್ದು, ಒಂದು ಕಾರ್ಡಿನ ಬಡ್ಡಿ ಒಂದೂವರೆ ವರ್ಷ ಓಡಿದ್ದು ತಡವಾಗಿ ಗೊತ್ತಾಗುವುದು ಡಿಎಂಪಿಯಲ್ಲಿ ಸಾಮಾನ್ಯವಾದ ನಷ್ಟ.

ಬಜೆಟ್ ನೋಡಿ ಬಡ್ಡಿ ನಿಲ್ಲಿಸುವವರು ಅಥವಾ ಇಳಿಸುವವರೇ ಹೆಚ್ಚು. ಯಾರಾದರೂ ಒಪ್ಪದಿದ್ದರೆ ಅವರ ಪಾಲನ್ನು ನಿಲ್ಲಿಸಬೇಡಿ. ಕಟ್ಟುತ್ತಲೇ ಇರಿ, ಬಜೆಟ್ ಪ್ರತಿಯನ್ನು ಮತ್ತೆ ಕಳಿಸಿ, ಆಗಲೂ ಆಗದಿದ್ದರೆ ಲಿಖಿತ ದೂರು ಕೊಡಿ. ದೂರಿಗೆ ಕೊನೆಯ ಉತ್ತರ ಕೊಡಲು ಸಂಸ್ಥೆಗೆ ಎಂಟು ವಾರವಿದೆ. ಉತ್ತರ ತೃಪ್ತಿ ಕೊಡದಿದ್ದರೆ ಅದು ಬಂದ ಆರು ತಿಂಗಳೊಳಗೆ ಫೈನಾನ್ಷಿಯಲ್ ಓಂಬಡ್ಸ್‌ಮನ್ ಸರ್ವಿಸ್‌ಗೆ ಹೋಗಬಹುದು. ನಿಮಗೆ ಶುಲ್ಕವಿಲ್ಲ.

ಕಾನೂನಿನ ಬಲದಿಂದಲೇ ಬಡ್ಡಿ ನಿಲ್ಲುವ ದಾರಿಯೂ ಒಂದಿದೆ. 2021ರ ಮೇ 4ರಿಂದ ಜಾರಿಯಲ್ಲಿರುವ ಬ್ರೀದಿಂಗ್ ಸ್ಪೇಸ್. 60 ದಿನ ಬಡ್ಡಿ, ಶುಲ್ಕ, ವಸೂಲಿ ಎಲ್ಲವೂ ನಿಲ್ಲುತ್ತದೆ. ನೀವಾಗಿಯೇ ಅರ್ಜಿ ಹಾಕುವಂತಿಲ್ಲ, ಸಾಲ ಸಲಹೆಗಾರರ ಮೂಲಕವೇ ಆಗಬೇಕು. 12 ತಿಂಗಳಲ್ಲಿ ಒಮ್ಮೆ ಮಾತ್ರ ಸಿಗುತ್ತದೆ. ಆ ಅವಧಿಯಲ್ಲಿ ಮನೆಬಾಡಿಗೆ, ವಿದ್ಯುತ್ತಿನಂಥ ಚಾಲ್ತಿ ಬಿಲ್ಲುಗಳನ್ನು ತಪ್ಪದೆ ಕಟ್ಟಬೇಕು. ಡಿಎಂಪಿಯ ಕಾಗದಪತ್ರ ಸಿದ್ಧಪಡಿಸಿಕೊಳ್ಳಲು ಈ ಎರಡು ತಿಂಗಳು ಒಳ್ಳೆಯ ಕಾಲ.

ಪ್ರಶ್ನೆ: ಸಲಹೆಗಾರರು ನನ್ನ ಕೈಯಲ್ಲಿ ತಿಂಗಳಿಗೆ 230 ಪೌಂಡ್ ಉಳಿಯುತ್ತದೆ ಎಂದರು. ಬೇಗ ಮುಗಿಯಲಿ ಎಂದು 350 ಕಟ್ಟುತ್ತೇನೆ ಎನ್ನಬಹುದೇ? ಊರಿನಲ್ಲಿರುವ ತಂದೆತಾಯಿಗೆ ಪ್ರತಿ ತಿಂಗಳು ಹಣ ಕಳಿಸುತ್ತೇನೆ, ಅದನ್ನು ಹೇಳಬೇಕೇ?

350 ಎನ್ನಬೇಡಿ. ನಿಮ್ಮ ಆತುರ ಅರ್ಥವಾಗುತ್ತದೆ, ಆದರೆ ಡಿಎಂಪಿ ಮುರಿದುಬೀಳುವುದು ಬಹುತೇಕ ಇಂಥ ಬಿಗಿ ಬಜೆಟ್ಟಿನಿಂದಲೇ. ನಾಲ್ಕೈದು ತಿಂಗಳು ಹೇಗೋ ಕಟ್ಟಿ, ಕಾರು ರಿಪೇರಿಗೆ ಬಂದ ದಿನ ಕಂತು ತಪ್ಪುತ್ತದೆ. ಎರಡು ಸಲ ತಪ್ಪಿದರೆ ಯೋಜನೆಯೇ ರದ್ದಾಗಬಹುದು, ನಿಲ್ಲಿಸಿದ್ದ ಬಡ್ಡಿ ಮತ್ತೆ ಶುರುವಾಗಬಹುದು.

ಬಜೆಟ್ ಬರೆಯಲು ಸ್ಟ್ಯಾಂಡರ್ಡ್ ಫೈನಾನ್ಷಿಯಲ್ ಸ್ಟೇಟ್‌ಮೆಂಟ್ ಎಂಬ ಒಂದೇ ನಮೂನೆ 2017ರಿಂದ ಬಳಕೆಯಲ್ಲಿದೆ. ದಿನಸಿ, ಫೋನ್, ಬಟ್ಟೆಯಂಥ ಬಾಬತ್ತುಗಳಲ್ಲಿ ಕುಟುಂಬದ ಗಾತ್ರಕ್ಕೆ ತಕ್ಕ ಮಿತಿಗಳಿವೆ. ಮಿತಿಯೊಳಗಿದ್ದರೆ ಸಾಲ ಕೊಟ್ಟವರು ಸಾಮಾನ್ಯವಾಗಿ ಪ್ರಶ್ನಿಸುವುದಿಲ್ಲ. ದಾಟಿದರೆ ಕಾರಣ ಬರೆಯಬೇಕು, ಕಾರಣ ನಿಜವಾಗಿದ್ದರೆ ಹೆದರಬೇಕಿಲ್ಲ. ತುರ್ತಿಗೆಂದು ಸಣ್ಣ ಉಳಿತಾಯಕ್ಕೂ ಅದರಲ್ಲಿ ಒಂದು ಸಾಲಿದೆ. ಅದನ್ನು ಖಾಲಿ ಬಿಡಬೇಡಿ.

ಆದಾಯದ ಲೆಕ್ಕದಲ್ಲೇ ಮೊದಲ ತಪ್ಪಾಗುತ್ತದೆ. ವಾರದ ಸಂಬಳ 420 ಪೌಂಡ್ ಇದ್ದರೆ ನಾಲ್ಕರಿಂದ ಗುಣಿಸಿ 1,680 ಎಂದು ಬರೆಯುತ್ತಾರೆ. ವರ್ಷಕ್ಕೆ 52 ವಾರ. 52ರಿಂದ ಗುಣಿಸಿ 12ರಿಂದ ಭಾಗಿಸಿದರೆ 1,820. ನಾಲ್ಕು ವಾರಕ್ಕೊಮ್ಮೆ ಬರುವ ಸಂಬಳವನ್ನು 13ರಿಂದ ಗುಣಿಸಿ 12ರಿಂದ ಭಾಗಿಸಿ. ಓವರ್‌ಟೈಮ್ ಖಾಯಂ ಅಲ್ಲದಿದ್ದರೆ ಅದನ್ನು ನಂಬಿ ಕಂತು ನಿಗದಿ ಮಾಡಬೇಡಿ. ಮೂರು ತಿಂಗಳ ಪೇಸ್ಲಿಪ್ ಹರಡಿಕೊಂಡು, ಓವರ್‌ಟೈಮ್ ಇಲ್ಲದ ತಿಂಗಳಲ್ಲಿ ಬದುಕು ನಡೆಯುತ್ತದೆಯೇ ನೋಡಿ.

ಖರ್ಚಿನಲ್ಲಿ ತಪ್ಪಿಹೋಗುವುದು ವರ್ಷಕ್ಕೊಮ್ಮೆ ಬರುವ ಬಾಬತ್ತು. ಕಾರಿನ ವಿಮೆ 540, ಎಂಓಟಿ (ವಾಹನದ ವಾರ್ಷಿಕ ತಪಾಸಣೆ) ಮತ್ತು ಸರ್ವಿಸಿಗೆ 240, ಟೈರಿಗೆ 180 ಎಂದಿಟ್ಟುಕೊಳ್ಳಿ. ಒಟ್ಟು 960. ತಿಂಗಳಿಗೆ 80 ಪೌಂಡ್ ಬಜೆಟ್ಟಿನಲ್ಲಿ ಇರಲೇಬೇಕು, ಮತ್ತು ಆ 80 ಪ್ರತಿ ತಿಂಗಳೂ ಬೇರೆ ಖಾತೆಗೆ ಹೋಗಬೇಕು. ಮಕ್ಕಳ ಶಾಲಾ ಸಮವಸ್ತ್ರ, ಕನ್ನಡಕ, ಹಲ್ಲಿನ ಚಿಕಿತ್ಸೆ, ವೀಸಾ ನವೀಕರಣದ ಶುಲ್ಕ ಇವನ್ನೂ ಸೇರಿಸಿ. ವೀಸಾ ಶುಲ್ಕ ದೊಡ್ಡದು, ಬರುವ ದಿನಾಂಕ ಮೊದಲೇ ಗೊತ್ತಿರುತ್ತದೆ. ಆದರೂ ಇದನ್ನು ಬರೆಯದೆ ಬಿಡುತ್ತಾರೆ, ಆ ವರ್ಷವೇ ಯೋಜನೆ ಕುಸಿಯುತ್ತದೆ. ಗ್ಯಾಸ್ ಬಿಲ್ಲನ್ನು ಜೂನ್ ತಿಂಗಳದ್ದು ನೋಡಿ ಬರೆಯಬೇಡಿ, 12 ತಿಂಗಳದನ್ನು ಕೂಡಿ ಭಾಗಿಸಿ.

ತಂದೆತಾಯಿಗೆ ಕಳಿಸುವ ಹಣವನ್ನು ಮುಚ್ಚಿಡಬೇಡಿ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಅದು ಕಾಣುತ್ತದೆ. ಅವರಿಗೆ ಬೇರೆ ಆದಾಯವಿಲ್ಲ, ಔಷಧಕ್ಕೆ ಇಷ್ಟು ಬೇಕು ಎಂದು ಪ್ರತ್ಯೇಕ ಸಾಲಿನಲ್ಲಿ ಕಾರಣಸಹಿತ ಬರೆಯಿರಿ. ಪೂರ್ತಿ ಒಪ್ಪದೆ ಕಡಿಮೆ ಮಾಡಿ ಎನ್ನಬಹುದು. ಅದಕ್ಕೂ ಸಿದ್ಧರಿರಿ. ಮುಚ್ಚಿಟ್ಟರೆ ಆ ಹಣ ದಿನಸಿಯ ದುಡ್ಡಿನಿಂದ ಹೋಗಬೇಕಾಗುತ್ತದೆ, ಆರು ತಿಂಗಳಲ್ಲಿ ಮತ್ತೆ ಕಾರ್ಡ್ ಉಜ್ಜಬೇಕಾಗುತ್ತದೆ.

ಪ್ರಶ್ನೆ: ಕೌನ್ಸಿಲ್ ಟ್ಯಾಕ್ಸ್ ಬಾಕಿ, ಗ್ಯಾಸ್ ಬಾಕಿ, ಕಂತಿನ ಕಾರು, ಎರಡು ಕಾರ್ಡ್. ಎಲ್ಲವನ್ನೂ ಡಿಎಂಪಿಗೆ ಸೇರಿಸಬಹುದೇ?

ಕಾರ್ಡುಗಳನ್ನು ಸೇರಿಸಬಹುದು, ಉಳಿದದ್ದನ್ನಲ್ಲ. ಅಡಮಾನವಿಲ್ಲದ ಸಾಲಕ್ಕೆ ಮಾತ್ರ ಡಿಎಂಪಿ: ಕ್ರೆಡಿಟ್ ಕಾರ್ಡ್, ಸ್ಟೋರ್ ಕಾರ್ಡ್, ಪರ್ಸನಲ್ ಲೋನ್, ಓವರ್‌ಡ್ರಾಫ್ಟ್, ಕ್ಯಾಟಲಾಗ್ ಬಾಕಿ, ಪೇ-ಡೇ ಲೋನ್ ಇಂಥವು. ಮನೆಸಾಲ, ಬಾಡಿಗೆ, ಕೌನ್ಸಿಲ್ ಟ್ಯಾಕ್ಸ್, ಗ್ಯಾಸ್–ವಿದ್ಯುತ್, ಕೋರ್ಟಿನ ದಂಡ, ಮಕ್ಕಳ ಜೀವನಾಂಶ, ಹೈರ್ ಪರ್ಚೇಸ್ (ನಿಮ್ಮ ಕಾರಿನಂಥ ಕಂತಿನ ಖರೀದಿ) ಇವು ಮೊದಲು ತೀರಬೇಕಾದ ಸಾಲಗಳು. ಯಾಕೆಂದರೆ ಇವು ತಪ್ಪಿದಾಗ ಹೋಗುವುದು ಮನೆ, ಬೆಳಕು, ವಾಹನ. ಕೌನ್ಸಿಲ್ ಟ್ಯಾಕ್ಸ್‌ಗೆ ಮ್ಯಾಜಿಸ್ಟ್ರೇಟ್ ಕೋರ್ಟಿನಿಂದ ಬಾಕಿ ನಿಮ್ಮ ಹೊಣೆ ಎಂಬ ಲಯಬಿಲಿಟಿ ಆರ್ಡರ್ ಪಡೆದು, ವಸ್ತು ಜಪ್ತಿ ಮಾಡುವ ಬೇಲಿಫ್‌ಗಳನ್ನು ಕಳಿಸಬಹುದು, ಸಂಬಳದಿಂದಲೇ ಹಿಡಿಯಬಹುದು.

ಜೋರಾಗಿ ಕೇಳುವವರಿಗೆ ಮೊದಲು ಕೊಡಬೇಕೆಂದು ಮನಸ್ಸು ಹೇಳುತ್ತದೆ. ಕಾರ್ಡ್ ಕಂಪನಿಯವರು ದಿನಕ್ಕೆ ಮೂರು ಸಲ ಫೋನ್ ಮಾಡಬಹುದು, ಕೌನ್ಸಿಲ್ ಒಂದೇ ಕಾಗದ ಕಳಿಸುತ್ತದೆ. ಆದರೂ ಕೌನ್ಸಿಲ್ಲಿಗೆ ಇಂದೇ ಫೋನ್ ಮಾಡಿ ಬಾಕಿಗೆ ಕಂತು ಮಾಡಿಕೊಳ್ಳಿ, ಗ್ಯಾಸ್ ಕಂಪನಿಯ ಜೊತೆಗೂ ಹಾಗೆಯೇ. ಆ ಕಂತುಗಳನ್ನು ಬಜೆಟ್ಟಿನ ಖರ್ಚಿನ ಕಡೆ ಬರೆಯಿರಿ. ಅದಾದ ಮೇಲೆ ಉಳಿದದ್ದಷ್ಟೇ ಡಿಎಂಪಿಗೆ.

ಪ್ರಶ್ನೆ: ನನ್ನ ಸಂಬಳ ಬರುವ ಬ್ಯಾಂಕಿನಲ್ಲೇ ಓವರ್‌ಡ್ರಾಫ್ಟ್, ಕಾರ್ಡ್ ಎರಡೂ ಇವೆ. ಏನಾದರೂ ತೊಂದರೆ ಇದೆಯೇ?

ಇದೆ. ಅದೇ ಬ್ಯಾಂಕಿಗೆ ನೀವು ಬಾಕಿ ಇದ್ದರೆ ನಿಮ್ಮ ಖಾತೆಗೆ ಬಿದ್ದ ಹಣದಿಂದ ಅದನ್ನು ಮುರಿದುಕೊಳ್ಳುವ ಹಕ್ಕು ಬ್ಯಾಂಕಿಗಿದೆ. ಸೆಟ್-ಆಫ್ ಎನ್ನುತ್ತಾರೆ. ಓವರ್‌ಡ್ರಾಫ್ಟ್ ಖಾತೆಯಲ್ಲಂತೂ ಸಂಬಳ ಬಿದ್ದ ಕ್ಷಣ ಅದು ಓವರ್‌ಡ್ರಾಫ್ಟನ್ನೇ ತುಂಬುತ್ತದೆ. ಡಿಎಂಪಿ ಶುರುವಾಗುವ ಮೊದಲೇ, ಸಾಲವಿಲ್ಲದ ಬ್ಯಾಂಕಿನಲ್ಲಿ ಬೇಸಿಕ್ ಬ್ಯಾಂಕ್ ಅಕೌಂಟ್ ತೆರೆಯಿರಿ. ಅದಕ್ಕೆ ಓವರ್‌ಡ್ರಾಫ್ಟ್ ಇರುವುದಿಲ್ಲ, ಶುಲ್ಕವೂ ಇಲ್ಲ. ಬೋರ್ಡು ಬೇರೆಯಾದರೆ ಬ್ಯಾಂಕ್ ಬೇರೆ ಎಂದುಕೊಳ್ಳಬೇಡಿ: ಲಾಯ್ಡ್ಸ್, ಹ್ಯಾಲಿಫ್ಯಾಕ್ಸ್, ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಒಂದೇ ಗುಂಪು. ನ್ಯಾಟ್‌ವೆಸ್ಟ್ ಮತ್ತು ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಒಂದು ಗುಂಪು. ಎಚ್‌ಎಸ್‌ಬಿಸಿ ಮತ್ತು ಫಸ್ಟ್ ಡೈರೆಕ್ಟ್ ಕೂಡ ಹಾಗೆಯೇ.

ಕೆಲಸದ ಕ್ರಮ ಮುಖ್ಯ. ಹೊಸ ಖಾತೆ ಕೈಗೆ ಬಂದ ಮೇಲೆ ಮೊದಲು ಸಂಬಳವನ್ನು ಅದಕ್ಕೆ ತಿರುಗಿಸಿ. ಒಂದು ಸಂಬಳ ಬಿದ್ದದ್ದನ್ನು ಕಣ್ಣಾರೆ ನೋಡಿ. ಆಮೇಲೆ ಬಾಡಿಗೆ, ಕೌನ್ಸಿಲ್ ಟ್ಯಾಕ್ಸ್, ವಿದ್ಯುತ್ತಿನ ಡೈರೆಕ್ಟ್ ಡೆಬಿಟ್‌ಗಳನ್ನು ವರ್ಗಾಯಿಸಿ. ಕಾರ್ಡ್ ಮತ್ತು ಲೋನಿನ ಡೈರೆಕ್ಟ್ ಡೆಬಿಟ್ ರದ್ದು ಮಾಡುವುದು ಕೊನೆಗೆ. ಪೇ-ಡೇ ಲೋನಿನವರು ಡೈರೆಕ್ಟ್ ಡೆಬಿಟ್ ಬಳಸದೆ ನಿಮ್ಮ ಡೆಬಿಟ್ ಕಾರ್ಡ್ ಸಂಖ್ಯೆಯಿಂದಲೇ ಹಣ ಎಳೆಯುತ್ತಾರೆ. ಆ ಅನುಮತಿ ಡೈರೆಕ್ಟ್ ಡೆಬಿಟ್ ಪಟ್ಟಿಯಲ್ಲಿ ಕಾಣುವುದಿಲ್ಲ. ಬ್ಯಾಂಕಿಗೆ ಹೇಳಿ ಅದನ್ನು ರದ್ದು ಮಾಡಿಸುವ ಹಕ್ಕು ನಿಮಗಿದೆ. ಸಾಲ ಕೊಟ್ಟವರನ್ನೇ ಕೇಳಿ ಎಂದು ಬ್ಯಾಂಕ್ ನಿಮ್ಮನ್ನು ವಾಪಸು ಕಳಿಸುವಂತಿಲ್ಲ.

ಪ್ರಶ್ನೆ: ಫೋನಿನಲ್ಲಿ ಸಿಕ್ಕ ಕಂಪನಿಯೊಂದು ನನ್ನ 12,000 ಪೌಂಡ್ ಸಾಲಕ್ಕೆ ಕಟ್ಟುವ 200 ಪೌಂಡಿನಲ್ಲಿ ತಿಂಗಳಿಗೆ 38 ಪೌಂಡ್ ಶುಲ್ಕ ತೆಗೆದುಕೊಳ್ಳುತ್ತೇವೆ ಎಂದಿದೆ. ಇದು ಸರಿಯೇ? ಐವಿಎ ಇನ್ನೂ ಒಳ್ಳೆಯದು ಎಂದೂ ಒತ್ತಾಯಿಸುತ್ತಿದ್ದಾರೆ.

ಶುಲ್ಕ ಕೇಳುವುದು ಕಾನೂನುಬಾಹಿರವಲ್ಲ. ಆದರೆ ಕೊಡುವ ಅಗತ್ಯವೇ ಇಲ್ಲ. ಸ್ಟೆಪ್‌ಚೇಂಜ್ ಮತ್ತು ಪೇಪ್ಲ್ಯಾನ್ ಇದೇ ಡಿಎಂಪಿಯನ್ನು ಉಚಿತವಾಗಿ ನಡೆಸುತ್ತವೆ. ನ್ಯಾಷನಲ್ ಡೆಟ್‌ಲೈನ್ ಮತ್ತು ಸಿಟಿಜನ್ಸ್ ಅಡ್ವೈಸ್ ಉಚಿತ ಸಲಹೆ ಕೊಡುತ್ತವೆ. ಲೆಕ್ಕ ನೋಡಿ: 12,000 ಪೌಂಡ್ ಸಾಲಕ್ಕೆ ಪೂರ್ತಿ 200 ಹೋದರೆ 60 ಕಂತು. 38 ಕಳೆದು 162 ಹೋದರೆ 75 ಕಂತು. ಒಂದೂಕಾಲು ವರ್ಷ ಹೆಚ್ಚು, ಶುಲ್ಕವೇ 2,850 ಪೌಂಡ್.

ಯಾವ ಸಂಸ್ಥೆಯಾದರೂ ಹಣಕಾಸು ನಿಯಂತ್ರಕ ಸಂಸ್ಥೆಯಾದ ಫೈನಾನ್ಷಿಯಲ್ ಕಂಡಕ್ಟ್ ಅಥಾರಿಟಿಯ ಅನುಮತಿ ಪಡೆದಿರಬೇಕು. ಅದರ ರಿಜಿಸ್ಟರ್ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿದೆ. ಅಲ್ಲಿರುವ ಫೋನ್ ಸಂಖ್ಯೆಗೆ ನೀವೇ ಕರೆ ಮಾಡಿ, ನಿಮಗೆ ಬಂದ ಕರೆಯನ್ನು ನಂಬಬೇಡಿ. ಹೆಸರಾಂತ ಉಚಿತ ಸಂಸ್ಥೆಗಳ ಹೆಸರಿಗೆ ಒಂದಕ್ಷರ ಹೆಚ್ಚುಕಡಿಮೆ ಮಾಡಿಕೊಂಡು ಜಾಹೀರಾತು ಹಾಕುವವರಿದ್ದಾರೆ. ಶುಲ್ಕ ಪಡೆಯುವ ಸಂಸ್ಥೆಯೂ ಮೊದಲ ತಿಂಗಳಿನಿಂದಲೇ ನೀವು ಕೊಟ್ಟದ್ದರಲ್ಲಿ ಕನಿಷ್ಠ ಅರ್ಧವನ್ನು ಸಾಲಕ್ಕೆ ಕಟ್ಟಬೇಕೆಂಬ ನಿಯಮವಿದೆ. ‘ಮೊದಲ ಎರಡು ಕಂತು ಪೂರ್ತಿ ನಮಗೆ’ ಎಂದರೆ ಅಲ್ಲಿಗೆ ಮಾತು ಮುಗಿಸಿ.

ಐವಿಎ, ಅಂದರೆ ಇಂಡಿವಿಜುಯಲ್ ವಾಲಂಟರಿ ಅರೇಂಜ್‌ಮೆಂಟ್, ಬೇರೆಯದೇ ವಸ್ತು. ಅದು ದಿವಾಳಿ ಕಾನೂನಿನ ಕೆಳಗೆ ಬರುವ, ಎರಡೂ ಕಡೆಯವರನ್ನು ಕಟ್ಟಿಹಾಕುವ ಒಪ್ಪಂದ. ಸಾಮಾನ್ಯವಾಗಿ ಐದಾರು ವರ್ಷದ್ದು. ಮತ ಹಾಕಿದ ಸಾಲದ ಮೌಲ್ಯದಲ್ಲಿ ಶೇ. 75ರಷ್ಟು ಒಪ್ಪಬೇಕು. ಕೊನೆಗೆ ಉಳಿದ ಸಾಲ ಮನ್ನಾ ಆಗುತ್ತದೆ, ಅದು ಅದರ ಲಾಭ. ಆದರೆ ಹೆಸರು ಸಾರ್ವಜನಿಕ ರಿಜಿಸ್ಟರಿನಲ್ಲಿ ಬರುತ್ತದೆ, ಸ್ವಂತ ಮನೆಯಿದ್ದರೆ ಅದರ ಮೌಲ್ಯವೂ ಲೆಕ್ಕಕ್ಕೆ ಸೇರುತ್ತದೆ, ಅರ್ಧದಲ್ಲಿ ಮುರಿದರೆ ಅಲ್ಲಿಯವರೆಗೆ ಕಟ್ಟಿದ್ದರಲ್ಲಿ ದೊಡ್ಡ ಪಾಲು ಶುಲ್ಕಕ್ಕೇ ಹೋಗಿರುತ್ತದೆ. ಗಿರಾಕಿಗಳನ್ನು ಐವಿಎಗೆ ದಾಟಿಸಿ ಕಮಿಷನ್ ಪಡೆಯುವ ಮಧ್ಯವರ್ತಿ ಸಂಸ್ಥೆಗಳಿಗೆ 2023ರ ಅಕ್ಟೋಬರಿನಿಂದ ಆ ಕಮಿಷನ್ನನ್ನೇ ನಿಷೇಧಿಸಲಾಗಿದೆ. ಒತ್ತಾಯ ಮಾಡುವವರ ಮಾತಿನ ಮೇಲೆ ಈ ತೀರ್ಮಾನ ಮಾಡಬೇಡಿ. ಐದು ವರ್ಷದಲ್ಲಿ ಡಿಎಂಪಿಯಿಂದಲೇ ಪೂರ್ತಿ ತೀರಬಹುದಾದ ಸಾಲ ನಿಮ್ಮದು.

ಪ್ರಶ್ನೆ: ಡಿಎಂಪಿ ಮಾಡಿದರೆ ಕ್ರೆಡಿಟ್ ಫೈಲ್ ಹಾಳಾಗುತ್ತದೆಯಂತೆ. ಎಷ್ಟು ವರ್ಷ? ಕೆಲಸದ ಕಡೆ ಗೊತ್ತಾಗುತ್ತದೆಯೇ?

ಒಪ್ಪಿದ ಮೂಲ ಕಂತಿಗಿಂತ ಕಡಿಮೆ ಕಟ್ಟುತ್ತೀರಿ, ಆದ್ದರಿಂದ ನಿಮ್ಮ ಸಾಲದ ಚರಿತ್ರೆಯಾದ ಕ್ರೆಡಿಟ್ ಫೈಲಿನಲ್ಲಿ ಅದು ದಾಖಲೆಯಾಗುವುದು ಖಚಿತ. ಡಿಫಾಲ್ಟ್ (ಕರಾರಿನಂತೆ ಕಟ್ಟದೆ ತಪ್ಪಿದ್ದಾರೆ) ಎಂದು ನಮೂದಾದರೆ ಆ ದಿನಾಂಕದಿಂದ ಆರು ವರ್ಷಕ್ಕೆ ಆ ಖಾತೆಯೇ ಫೈಲಿನಿಂದ ಅಳಿಯುತ್ತದೆ, ಸಾಲ ಪೂರ್ತಿ ತೀರಿರಲಿ, ಇಲ್ಲದಿರಲಿ. ಡಿಫಾಲ್ಟ್ ಹಾಕದೆ ‘ಅರೇಂಜ್‌ಮೆಂಟ್’ ಎಂದಷ್ಟೇ ಪ್ರತಿ ತಿಂಗಳು ಗುರುತು ಹಾಕುತ್ತಾ ಹೋದರೆ ಖಾತೆ ತೀರಿದ ಮೇಲೆ ಆರು ವರ್ಷ ಇರುತ್ತದೆ. ಎಂಟು ವರ್ಷ ನಡೆಯುವ ಯೋಜನೆಯಲ್ಲಿ ಇದು 14 ವರ್ಷ. ಕೇಳಲು ವಿಚಿತ್ರವಾದರೂ, ಉದ್ದದ ಯೋಜನೆಗೆ ಬೇಗನೆ ಡಿಫಾಲ್ಟ್ ಆಗುವುದೇ ಮೇಲು. ಡಿಫಾಲ್ಟ್ ನೋಟಿಸ್ ಬಂದ ದಿನ ಎದೆಗುಂದಬೇಡಿ, ಅದರ ದಿನಾಂಕವನ್ನು ಬರೆದಿಟ್ಟುಕೊಳ್ಳಿ.

ಡಿಎಂಪಿಗೆ ಸಾರ್ವಜನಿಕ ರಿಜಿಸ್ಟರ್ ಇಲ್ಲ, ಕೆಲಸದ ಕಡೆಗೆ ಯಾರೂ ಕಾಗದ ಬರೆಯುವುದಿಲ್ಲ. ಬ್ಯಾಂಕ್, ವಿಮೆ, ಲೆಕ್ಕಪತ್ರದ ಕ್ಷೇತ್ರದಲ್ಲಿ ಇರುವವರು ಮಾತ್ರ ತಮ್ಮ ನೇಮಕಾತಿ ಕರಾರನ್ನು ಒಮ್ಮೆ ಓದಿಕೊಳ್ಳಬೇಕು.

ಪ್ರಶ್ನೆ: ಯೋಜನೆ ಶುರುವಾಗಿ ಐದು ತಿಂಗಳಾದರೂ ಬಾಕಿ ನೋಟಿಸುಗಳು ಬರುತ್ತಲೇ ಇವೆ. ಈಗ ಒಂದು ಕೋರ್ಟ್ ಕಾಗದವೂ ಬಂದಿದೆ.

ಎರಡನ್ನೂ ಬೇರೆ ಬೇರೆ ಇಡಿ. ಬಾಕಿ ನೋಟಿಸುಗಳನ್ನು ಕಳಿಸಲೇಬೇಕೆಂದು 1974ರ ಕನ್ಸ್ಯೂಮರ್ ಕ್ರೆಡಿಟ್ ಆ್ಯಕ್ಟ್ ಸಾಲ ಕೊಟ್ಟವರಿಗೆ ಹೇಳುತ್ತದೆ. ನಿಮ್ಮ ಯೋಜನೆ ಚೆನ್ನಾಗಿ ನಡೆಯುತ್ತಿದ್ದರೂ ಅವು ಬರುತ್ತವೆ. ಬಡ್ಡಿಯ ಸಾಲನ್ನು ನೋಡಿ ಫೈಲಿನಲ್ಲಿಡಿ.

ಕೋರ್ಟಿನ ಕ್ಲೇಮ್ ಫಾರ್ಮ್ ಹಾಗಲ್ಲ. ಉತ್ತರಕ್ಕೆ ಕ್ಲೇಮ್ ತಲುಪಿದ ಮೇಲೆ 14 ದಿನವಿದೆ. ‘ಡಿಎಂಪಿ ಇದೆಯಲ್ಲ, ಅವರೇ ನೋಡಿಕೊಳ್ಳುತ್ತಾರೆ’ ಎಂದು ಸುಮ್ಮನಿರಬೇಡಿ. ಉತ್ತರ ಕೊಡದಿದ್ದರೆ ಇಡೀ ಮೊತ್ತವನ್ನು ಒಮ್ಮೆಲೇ ಕಟ್ಟಬೇಕೆಂದು ತೀರ್ಪಾಗಬಹುದು. ಸಾಲ ನಿಮ್ಮದೇ ಎಂದು ಒಪ್ಪುವುದಾದರೆ ಜೊತೆಯಲ್ಲಿ ಬಂದ ಎನ್9ಎ ಫಾರ್ಮಿನಲ್ಲಿ ಆದಾಯ–ಖರ್ಚು ಬರೆದು, ಡಿಎಂಪಿಯಲ್ಲಿ ಆ ಸಂಸ್ಥೆಗೆ ಹೋಗುತ್ತಿರುವ ಪಾಲನ್ನೇ ತಿಂಗಳ ಕಂತಾಗಿ ಕೊಡುತ್ತೇನೆ ಎಂದು ತಿಳಿಸಿ. ಅಂಕಿಗಳು ಡಿಎಂಪಿ ಬಜೆಟ್ಟಿಗೆ ಹೊಂದಬೇಕು. ಅದರ ಒಂದು ಪ್ರತಿಯನ್ನು ಯೋಜನೆ ನಡೆಸುವವರಿಗೆ ಅಂದೇ ಕಳಿಸಿ.

ತೀರ್ಪಾದ ಒಂದು ತಿಂಗಳೊಳಗೆ ಪೂರ್ತಿ ಕಟ್ಟಿದರೆ ಅದು ಕೋರ್ಟ್ ತೀರ್ಪುಗಳ ರಿಜಿಸ್ಟರಿನಿಂದ ಹೋಗುತ್ತದೆ. ಇಲ್ಲವಾದರೆ ಆರು ವರ್ಷ. ಸ್ವಂತ ಮನೆ ಇರುವವರಿಗೆ ಇನ್ನೊಂದು ಎಚ್ಚರಿಕೆ: ತೀರ್ಪಿನ ಆಧಾರದ ಮೇಲೆ ಮನೆಯ ಮೇಲೆ ಚಾರ್ಜಿಂಗ್ ಆರ್ಡರ್ ಕೇಳಬಹುದು. ಅಲ್ಲಿಗೆ ಅಡಮಾನವಿಲ್ಲದ ಸಾಲ ಮನೆಗೆ ಅಂಟಿಕೊಂಡಂತೆ.

ಪ್ರಶ್ನೆ: ಒಂದು ಲೋನ್ ಗಂಡಹೆಂಡತಿ ಇಬ್ಬರ ಹೆಸರಿನಲ್ಲಿದೆ. ನನ್ನ ಡಿಎಂಪಿಯಲ್ಲಿ ಅರ್ಧ ತೋರಿಸಿದರೆ ಸಾಕೇ?

ಸಾಲದು. ಜಂಟಿ ಸಾಲದಲ್ಲಿ ಇಬ್ಬರೂ ಪೂರ್ತಿ ಮೊತ್ತಕ್ಕೆ ಹೊಣೆ. ನಿಮ್ಮ ಪಾಲು ನೀವು ಕಟ್ಟುತ್ತಿದ್ದರೂ ಉಳಿದದ್ದಕ್ಕೆ ನಿಮ್ಮ ಪತ್ನಿಯನ್ನು ಕೇಳಬಹುದು. ಇಬ್ಬರಿಗೂ ಸಾಲವಿದ್ದರೆ ಜಂಟಿ ಡಿಎಂಪಿ ಮಾಡಿಸುವುದು ಒಳ್ಳೆಯದು. ಜಾಮೀನು ಹಾಕಿದ ಸಾಲವಿದ್ದರೆ, ಕಂತು ಇಳಿಯುವ ಮೊದಲೇ ಜಾಮೀನುದಾರರಿಗೆ ನೀವೇ ಹೇಳಿ. ಅವರ ಮನೆಗೆ ಕಾಗದ ಹೋಗುವುದು ಖಚಿತ.

ಪ್ರಶ್ನೆ: ಸ್ನೇಹಿತರಿಂದ 3,000 ಪೌಂಡ್ ಕೈಸಾಲ ತಂದಿದ್ದೇನೆ. ಮಾನದ ಪ್ರಶ್ನೆ. ಅದನ್ನು ಮೊದಲು ತೀರಿಸಿ, ಆಮೇಲೆ ಡಿಎಂಪಿಗೆ ಹೋಗಬಹುದೇ?

ಕಷ್ಟಕಾಲದಲ್ಲಿ ಕೈಹಿಡಿದವರಿಗೆ ಮೊದಲು ಕೊಡಬೇಕೆಂಬ ನಿಮ್ಮ ಮನಸ್ಸು ಸಹಜವಾದದ್ದು. ಆದರೆ ಲೆಕ್ಕದಲ್ಲಿ ಅದೂ ಅಡಮಾನವಿಲ್ಲದ ಸಾಲವೇ. ಪಟ್ಟಿಯಲ್ಲಿ ಸೇರಿಸಿ, ಅವರಿಗೂ ಪ್ರಮಾಣದ ಪಾಲು ಹೋಗಲಿ. ಒಬ್ಬರಿಗೆ ಪೂರ್ತಿ ಕೊಟ್ಟು ಉಳಿದವರ ಮುಂದೆ ಬಡ್ಡಿ ನಿಲ್ಲಿಸಿ ಎಂದು ಕೇಳಿದರೆ, ಸ್ಟೇಟ್‌ಮೆಂಟ್ ನೋಡಿದವರು ಒಪ್ಪುವುದು ಕಷ್ಟ.

ಇದಕ್ಕಿಂತ ದೊಡ್ಡ ಅಪಾಯವೂ ಇದೆ. ಮುಂದೆ ಡಿಎಂಪಿ ನಡೆಯದೆ ದಿವಾಳಿ ಅರ್ಜಿ ಹಾಕಬೇಕಾದರೆ, ಅರ್ಜಿಗೆ ಹಿಂದಿನ ಆರು ತಿಂಗಳಲ್ಲಿ ಒಬ್ಬರಿಗೆ ಮಾತ್ರ ಕೊಟ್ಟ ಹಣವನ್ನು ಪ್ರಶ್ನಿಸಿ ವಾಪಸು ಕೇಳಬಹುದು. ಪಡೆದವರು ಬಂಧುಗಳಾದರೆ ಎರಡು ವರ್ಷ ಹಿಂದಿನವರೆಗೂ ನೋಡುತ್ತಾರೆ. ನಿಮ್ಮ ಸ್ನೇಹಿತರನ್ನು ಆ ಇಕ್ಕಟ್ಟಿಗೆ ದೂಡಬೇಡಿ. ಹೋಗಿ ಕುಳಿತು, ಬಜೆಟ್ ತೋರಿಸಿ, ತಿಂಗಳಿಗೆ ಇಷ್ಟು ಬರುತ್ತದೆ ಎಂದು ಹೇಳಿ.

ಪ್ರಶ್ನೆ: ಎಂಟು ವರ್ಷ ಹಳೆಯ ಕಾರ್ಡ್ ಸಾಲವನ್ನು ಯಾವುದೋ ಕಂಪನಿ ಕೊಂಡುಕೊಂಡಿದೆಯಂತೆ, ಈಗ ಕೇಳುತ್ತಿದ್ದಾರೆ. ಡಿಎಂಪಿಗೆ ಸೇರಿಸಲೇ?

ಈಗಲೇ ಬೇಡ. ಒಂದು ಪೌಂಡ್ ಕೂಡ ಕಟ್ಟುವ ಮೊದಲು ಎರಡು ವಿಷಯ ನೋಡಿ. ಆರು ವರ್ಷದಿಂದ ನೀವಾಗಲಿ ಜಂಟಿ ಖಾತೆದಾರರಾಗಲಿ ಏನೂ ಕಟ್ಟಿಲ್ಲ, ಬರವಣಿಗೆಯಲ್ಲಿ ಸಾಲ ಒಪ್ಪಿಕೊಂಡಿಲ್ಲ, ಕೋರ್ಟಿನ ತೀರ್ಪೂ ಆಗಿಲ್ಲ ಎಂದಾದರೆ 1980ರ ಲಿಮಿಟೇಶನ್ ಆ್ಯಕ್ಟ್ ಪ್ರಕಾರ ಸಾಲ ಅವಧಿ ಮೀರಿರಬಹುದು. ಅವಧಿ ಇನ್ನೂ ಮುಗಿದಿಲ್ಲದಿದ್ದರೆ ನೀವು ಕಟ್ಟುವ ಒಂದೇ ಪೌಂಡ್ ಆರು ವರ್ಷದ ಗಡಿಯಾರವನ್ನು ಮತ್ತೆ ಮೊದಲಿನಿಂದ ಓಡಿಸುತ್ತದೆ. ಎಂದಿನಿಂದ ಎಣಿಸಬೇಕು ಎಂಬುದು ಸೂಕ್ಷ್ಮ ವಿಷಯ, ನ್ಯಾಷನಲ್ ಡೆಟ್‌ಲೈನಿನವರಿಗೆ ಕಾಗದ ತೋರಿಸಿ ಕೇಳಿ.

ಎರಡನೆಯದು ಕರಾರುಪತ್ರ. ಸಾಲವನ್ನು ಒಪ್ಪಿಕೊಳ್ಳುವ ಮಾತು ಬರೆಯದೆ, 1 ಪೌಂಡ್ ಶುಲ್ಕವನ್ನು ಪ್ರತಿ ಪಡೆಯುವ ಶುಲ್ಕವೆಂದು ಸ್ಪಷ್ಟವಾಗಿ ನಮೂದಿಸಿ, ಕನ್ಸ್ಯೂಮರ್ ಕ್ರೆಡಿಟ್ ಆ್ಯಕ್ಟಿನ ಸೆಕ್ಷನ್ 78ರ ಅಡಿ ಪ್ರತಿ ಕೇಳಿ. ಪರ್ಸನಲ್ ಲೋನಾದರೆ ಸೆಕ್ಷನ್ 77. 12 ಕೆಲಸದ ದಿನಗಳಲ್ಲಿ ಕೊಡದಿದ್ದರೆ, ಕೊಡುವವರೆಗೆ ಅವರು ಕೋರ್ಟಿನಲ್ಲಿ ಆ ಸಾಲವನ್ನು ಜಾರಿ ಮಾಡಿಸಿಕೊಳ್ಳುವಂತಿಲ್ಲ.

ಪ್ರಶ್ನೆ: ನಾವು ಗ್ಲಾಸ್ಗೋದಲ್ಲಿದ್ದೇವೆ. ಇದೇ ನಿಯಮವೇ?

ಅಲ್ಲ. ಸ್ಕಾಟ್ಲೆಂಡಿನಲ್ಲಿ ಡೆಟ್ ಅರೇಂಜ್‌ಮೆಂಟ್ ಸ್ಕೀಮ್ ಇದೆ. ಅದು ಶಾಸನಬದ್ಧ: ಯೋಜನೆ ಮಂಜೂರಾದರೆ ಬಡ್ಡಿ, ಶುಲ್ಕ ಕಾನೂನಿನಿಂದಲೇ ನಿಲ್ಲುತ್ತವೆ, ಯೋಜನೆ ಪೂರ್ತಿಯಾದರೆ ಅವು ಮನ್ನಾ ಆಗುತ್ತವೆ. ಡಿಎಂಪಿಗೆ ಕೈಹಾಕುವ ಮೊದಲು ಇದನ್ನೇ ವಿಚಾರಿಸಿ. ಹಳೆಯ ಸಾಲಗಳ ಅವಧಿಯೂ ಅಲ್ಲಿ ಬೇರೆ, ಸಾಮಾನ್ಯ ಕಾರ್ಡ್–ಲೋನಿಗೆ ಐದು ವರ್ಷ.

ಪ್ರಶ್ನೆ: 28,000 ಪೌಂಡ್ ಸಾಲವಿದೆ. ಕೆಲಸದ ಗಂಟೆ ಕಡಿಮೆಯಾಗಿ ಈಗ ತಿಂಗಳಿಗೆ 20 ಪೌಂಡ್ ಮಾತ್ರ ಉಳಿಯುತ್ತದೆ. ಬಾಡಿಗೆ ಮನೆ, ಹಳೆಯ ಕಾರು. ಡಿಎಂಪಿ ಮಾಡಿಕೊಳ್ಳಲೇ?

28,000ವನ್ನು 20ರಿಂದ ಭಾಗಿಸಿದರೆ 1,400 ತಿಂಗಳು, 116 ವರ್ಷಕ್ಕೂ ಹೆಚ್ಚು. ಇದು ತಾತ್ಕಾಲಿಕ, ನಾಲ್ಕಾರು ತಿಂಗಳಲ್ಲಿ ಪೂರ್ತಿ ಕೆಲಸ ಸಿಗುವ ಭರವಸೆಯಿದೆ ಎಂದಾದರೆ, ಒಬ್ಬೊಬ್ಬರಿಗೆ ತಿಂಗಳಿಗೆ ಒಂದು ಪೌಂಡಿನಂಥ ಸಾಂಕೇತಿಕ ಕಂತು ಕೊಟ್ಟು ಬಡ್ಡಿ ನಿಲ್ಲಿಸಲು ಕೇಳಬಹುದು. ಹಾಗಲ್ಲದಿದ್ದರೆ ನಿಮಗೆ ಡಿಎಂಪಿ ತಕ್ಕದ್ದಲ್ಲ.

ಸಾಲ ಮನ್ನಾಕ್ಕೆ ದಾರಿಯಾಗುವ ಡೆಟ್ ರಿಲೀಫ್ ಆರ್ಡರ್ ಬಗ್ಗೆ ಕೇಳಿ. 2024ರ ಜೂನ್ 28ರಿಂದ ಅದರ ಸಾಲದ ಮಿತಿ 50,000 ಪೌಂಡ್, ಕಾರಿನ ಮೌಲ್ಯದ ಮಿತಿ 4,000. ತಿಂಗಳಿಗೆ ಉಳಿಯುವುದು 75 ಪೌಂಡ್ ಮೀರಬಾರದು, ಇತರ ಆಸ್ತಿ 2,000 ದಾಟಬಾರದು, ಸ್ವಂತ ಮನೆ ಇರಬಾರದು. ಊರಿನಲ್ಲಿ ನಿಮ್ಮ ಹೆಸರಿಗಿರುವ ಸೈಟು, ಹೊಲ, ಪಾಲು ಬರಬೇಕಾದ ಮನೆ ಇವೂ ಆಸ್ತಿಯೇ. ಇವನ್ನು ಹೇಳದೆ ಅರ್ಜಿ ಹಾಕಬಾರದು. ಮೊದಲಿದ್ದ 90 ಪೌಂಡ್ ಶುಲ್ಕ 2024ರ ಏಪ್ರಿಲ್ 6ರಿಂದ ರದ್ದಾಗಿದೆ. ಆದೇಶವಾದ ಮೇಲೆ 12 ತಿಂಗಳು ಸೇರಿಸಿದ ಸಾಲಕ್ಕೆ ಕಟ್ಟುವಂತಿಲ್ಲ. ಪರಿಸ್ಥಿತಿ ಸುಧಾರಿಸದೆ ಹಾಗೆಯೇ ಇದ್ದರೆ ಅವಧಿ ಮುಗಿದಾಗ ಆ ಸಾಲಗಳು ಮನ್ನಾ. ಕ್ರೆಡಿಟ್ ಫೈಲಿನಲ್ಲಿ ಆರು ವರ್ಷ ಇರುತ್ತದೆ.

ಅರ್ಜಿಯನ್ನು ಅನುಮೋದಿತ ಮಧ್ಯವರ್ತಿಯ ಮೂಲಕವೇ ಹಾಕಬೇಕು. ಸಿಟಿಜನ್ಸ್ ಅಡ್ವೈಸ್ ಮತ್ತು ಸ್ಟೆಪ್‌ಚೇಂಜ್‌ನಲ್ಲಿ ಇದ್ದಾರೆ. ಕರೆ ಮಾಡುವ ಮೊದಲು ಮೂರು ತಿಂಗಳ ಪೇಸ್ಲಿಪ್, ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಪ್ರತಿ ಸಾಲದ ಇತ್ತೀಚಿನ ಕಾಗದ, ಬಾಡಿಗೆ ಕರಾರು, ಕಾರಿನ ಲಾಗ್‌ಬುಕ್ ಇಷ್ಟನ್ನು ಮುಂದಿಟ್ಟುಕೊಳ್ಳಿ. ತೆರೆಯದೆ ಇಟ್ಟ ಲಕೋಟೆಗಳಿದ್ದರೆ ಅವನ್ನೂ ತನ್ನಿ, ಸಲಹೆಗಾರರು ನಿಮ್ಮ ಜೊತೆ ಕೂತು ಒಂದೊಂದಾಗಿ ತೆರೆಯುತ್ತಾರೆ.